ಬಾರದವರ ಹೆಸರೂ ಇರುವ ಪುಸ್ತಕ

ಯುವಕ ಸಂಘದಲ್ಲಿ ಒಂದು ನಡಾವಳಿ ಪುಸ್ತಕ ಇರುತ್ತದೆ. ಸಭೆಗೆ ಬಂದವರು ಅದರಲ್ಲಿ ಸಹಿ ಮಾಡುತ್ತಾರೆ. ಬಾರದವರ ಸುದ್ದಿ ಅದರಲ್ಲಿ ಎಲ್ಲೂ ಬರುವುದಿಲ್ಲ. ಶಾಲೆಯಲ್ಲಿರುವುದು ಹಾಜರಿ ಪುಸ್ತಕ. ಬರುವವರ ಹೆಸರೂ ಬಾರದವರ ಹೆಸರೂ ಅದರಲ್ಲಿ ಜೂನ್ ತಿಂಗಳಿನಲ್ಲೇ ಸಾಲಾಗಿ ಬರೆದು ಮುಗಿದಿರುತ್ತದೆ. ಮೊದಲನೆಯ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಊರೂರು ಸುತ್ತಿ, ಆಮೇಲೆ ಎರಡನೆಯದಕ್ಕೆ ಬಂದವಳು ನಾನು. "ಅಷ್ಟು ಜನ ಹುಡುಗರನ್ನು ಕಟ್ಟಿಕೊಂಡು ಕೆಲಸ ಮಾಡಿದವಳಿಗೆ ಮಕ್ಕಳಿಗೆ ಪಾಠ ಹೇಳುವುದೇನು ಮಹಾ" ಎಂದು ಪರಿಚಯದವರು ಈಗಲೂ ಕೇಳುತ್ತಾರೆ. ನಿಂತ ಕಾಲಿನಲ್ಲಿ ಉತ್ತರ ಹೇಳಲು ಆಗುವುದಿಲ್ಲವಾದ್ದರಿಂದ ನಕ್ಕು ಸುಮ್ಮನಾಗುತ್ತೇನೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಚಳ್ಳಕೆರೆಯವಳು. ಪದವಿ ಓದುವಾಗ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಸೇರಿದ್ದೆ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ ಶುರುವಾದ ಯೋಜನೆ ಅದು. ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಯಾವುದಾದರೂ ಹಳ್ಳಿಯಲ್ಲಿ 7 ದಿನಗಳ ಶಿಬಿರ. ಪ್ರಮಾಣಪತ್ರದ ಆಸೆಗೆ ಸೇರಿದವರೇ ಹೆಚ್ಚು, ಅವರಲ್ಲಿ ನಾನೂ ಒಬ್ಬಳು. ಆದರೆ ಶಿಬಿರದಲ್ಲಿ ಹಗಲು ಚರಂಡಿ ತೆಗೆಯುವುದಕ್ಕಿಂತ ಸಂಜೆ ಊರವರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮಾತಾಡುವುದು ನನಗೆ ಹಿಡಿಸಿತು. ಪದವಿ ಮುಗಿದ ಮೇಲೆ ನೆಹರು ಯುವ ಕೇಂದ್ರದ ರಾಷ್ಟ್ರೀಯ ಯುವ ಸ್ವಯಂಸೇವಕಿಯಾದೆ. 1972ರಿಂದ ಹಳ್ಳಿಗಳಲ್ಲಿ ಯುವಕ ಸಂಘ, ಯುವತಿ ಮಂಡಳಿ ಕಟ್ಟಿಸುತ್ತ ಬಂದ ಸಂಸ್ಥೆ ಅದು. ತಾಲ್ಲೂಕಿಗೆ ಇಬ್ಬರು ಸ್ವಯಂಸೇವಕರು, ತಿಂಗಳಿಗೆ 5,000 ರೂಪಾಯಿ ಗೌರವಧನ, ಹೆಚ್ಚೆಂದರೆ ಎರಡು ವರ್ಷ. ಈಗ ಅದೆಲ್ಲ ಮೇರಾ ಯುವ ಭಾರತ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಕೆಲಸ ಏನೆಂದರೆ, ಎಲ್ಲವೂ. ಸಂಘ ನೋಂದಣಿಗೆ ಕನಿಷ್ಠ 7 ಜನರನ್ನು ಹುಡುಕುವುದು, ಸಂಘದ ನಿಯಮಗಳ ಬೈಲಾ ಬರೆಸುವುದು, ವಾಲಿಬಾಲ್ ನೆಟ್ಟು ಹಂಚುವುದು, ಜನವರಿ 12ಕ್ಕೆ ಯುವ ದಿನ, ನಡುನಡುವೆ ಬೀದಿ ನಾಟಕ, ರಕ್ತದಾನ. ಹುಡುಗರನ್ನು ಸೇರಿಸುವುದು ಸುಲಭ. ಒಂದು ಚೆಂಡು ತೋರಿಸಿದರೆ ಸಾಕು. ಯುವತಿ ಮಂಡಳಿಯದೇ ಬೇರೆ ಕಥೆ. ಹೊಲದ ಕೆಲಸ ಮುಗಿದು, ಒಲೆ ಹಚ್ಚುವುದರೊಳಗೆ ಸಿಗುವ ಅರ್ಧ ಗಂಟೆಯಲ್ಲಿ ಅವರನ್ನು ಹಿಡಿಯಬೇಕು. ಹುಡುಗಿ ಬರಬೇಕಾದರೆ ಮೊದಲು ಅವಳ ತಾಯಿಯ ಪಕ್ಕ ಕುಳಿತು ಶೇಂಗಾ ಬಿಡಿಸಬೇಕು. ಮಂಡಳಿಯ ಮಾತನ್ನು ಆ ದಿನ ಎತ್ತಲೇಬಾರದು. ಮಳೆ, ಬೋರ್‌ವೆಲ್ಲು, ನಾಯಕನಹಟ್ಟಿ ಜಾತ್ರೆ ಎಲ್ಲ ಮುಗಿದು, ಎದ್ದು ಹೊರಡುವಾಗ ಆಕೆಯೇ "ಏನೋ ಕೇಳಲು ಬಂದಿದ್ದೆಯಲ್ಲಮ್ಮ" ಎನ್ನಬೇಕು. ಈ ಒಂದು ವಿದ್ಯೆಯನ್ನು ನನಗೆ ಮುಂದೆ ಯಾವ ತರಬೇತಿಯೂ ಕಲಿಸಲಿಲ್ಲ, ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದೂ ಇದೇ.

ಒಂದು ಸಂಘಕ್ಕೆ ಒಬ್ಬ ಕಾರ್ಯದರ್ಶಿ ಇದ್ದ. ಜಾತ್ರೆಯಲ್ಲಿ ನೀರಿನ ವ್ಯವಸ್ಥೆ ಅವನದು, ಕೆಟ್ಟುನಿಂತ ಟ್ರ್ಯಾಕ್ಟರ್ ಅವನು ಮುಟ್ಟಿದರೆ ಹೊರಡುತ್ತಿತ್ತು, ಊರಿನಲ್ಲಿ ಜಗಳವಾದರೆ ಎರಡೂ ಕಡೆಯವರು ಅವನನ್ನೇ ಕರೆಯುತ್ತಿದ್ದರು. ಆದರೆ ನಡಾವಳಿ ಬರೆಯುವ ಹೊತ್ತಿಗೆ ಸರಿಯಾಗಿ ಅವನ ಮೊಬೈಲ್ ಬಡಿದುಕೊಳ್ಳುತ್ತಿತ್ತು. "ಅಕ್ಕ, ನೀವೇ ಬರೆದುಬಿಡಿ, ನಾನು ಸಹಿ ಹಾಕುತ್ತೇನೆ." ಸಹಿ ಮಾತ್ರ ಬಹಳ ಚೆಂದ, ಬ್ಯಾಂಕ್ ಮ್ಯಾನೇಜರ್ ಮಾಡಿದ ಹಾಗೆ. ನೋಂದಣಿಗೆ ಮುಂಚೆ ಬೈಲಾವನ್ನು ಎಲ್ಲರೂ ಒಂದೊಂದು ಪ್ಯಾರಾ ಓದೋಣ ಎಂದ ದಿನ ಅವನು ಎದ್ದು ಹೊರಗೆ ಹೋದ. ಆಮೇಲೆ ಕಟ್ಟೆಯ ಹತ್ತಿರ ಒಬ್ಬನೇ ಸಿಕ್ಕಾಗ ತಾನಾಗಿಯೇ ಹೇಳಿದ: ನಾಲ್ಕನೇ ತರಗತಿಯಲ್ಲಿ ಶೇಂಗಾ ಕೀಳುವ ಕಾಲಕ್ಕೆ ಮನೆಯವರ ಜೊತೆ ಹೊಲಕ್ಕೆ ಹೋದವನು, ತಿರುಗಿ ಶಾಲೆಗೆ ಬಂದಾಗ ಪಾಠ ಎಲ್ಲೋ ಮುಂದೆ ಹೋಗಿತ್ತು. ಕೇಳಲು ನಾಚಿಕೆ. ಹಿಂದಿನ ಬೆಂಚಿಗೆ ಹೋದ. ಯಾರೂ ಫೇಲ್ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಏಳನೇ ತರಗತಿಯವರೆಗೂ ಹಾಗೆಯೇ ಸಾಗಿತು.

ಅವನೊಬ್ಬನೇ ಆಗಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಗಮನಿಸುತ್ತ ಹೋದಂತೆ ಊರೂರಿನಲ್ಲಿ ಅಂಥವರು ಸಿಕ್ಕರು. ಬಸ್ಸಿನ ಬೋರ್ಡ್ ಓದದೆ ಕಂಡಕ್ಟರನ ಕೂಗಿಗೆ ಕಾಯುವವರು, ಅರ್ಜಿ ತುಂಬುವಾಗ ಕನ್ನಡಕ ಮರೆತು ಬಂದೆ ಎನ್ನುವ ಇಪ್ಪತ್ತೆರಡರ ಹುಡುಗರು. ಇವರಾದರೂ ಸಂಘಕ್ಕೆ ಬರುತ್ತಿದ್ದರು. ಕಾಗದ ಪತ್ರದ ವ್ಯವಹಾರ ಇದೆ ಎಂದು ತಿಳಿದೇ ಆ ಕಡೆ ಸುಳಿಯದವರು ಎಷ್ಟು ಜನವೋ, ಅವರ ಲೆಕ್ಕ ನನ್ನ ನಡಾವಳಿ ಪುಸ್ತಕದಲ್ಲಿ ಇರಲಿಲ್ಲ. ಯುವಜನರ ಕೆಲಸದ ಸುಖವೂ ಮಿತಿಯೂ ಅದೇ. ಬಂದವರು ಇಷ್ಟಪಟ್ಟು ಬಂದಿರುತ್ತಾರೆ. ಹಾಗಾಗಿ ನಗು, ಹುರುಪು, ಗುಂಪು ಫೋಟೋ ಎಲ್ಲ ತಾನಾಗಿ ಒದಗುತ್ತದೆ. ಇಪ್ಪತ್ತರಲ್ಲಿ ಕಾಣುವ ತೊಡಕು ಎಂಟೊಂಬತ್ತರಲ್ಲೇ ಬಿದ್ದ ಗಂಟು ಎಂದು ಗೊತ್ತಾದ ಮೇಲೆ ವಾಲಿಬಾಲ್ ನೆಟ್ಟು ಹಂಚುವುದರಲ್ಲಿ ನನಗೆ ಮೊದಲಿನ ಉತ್ಸಾಹ ಉಳಿಯಲಿಲ್ಲ.

ಬಿ.ಇಡಿ. ಸೇರಿದೆ. ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ಎನ್‌ಸಿಟಿಇಯ 2014ರ ನಿಯಮಾವಳಿಯ ನಂತರ ಅದು ಎರಡು ವರ್ಷದ ಓದು. ಸೂಕ್ಷ್ಮ ಬೋಧನೆ ಎಂಬ ಅಭ್ಯಾಸ ನೆನಪಿಸಿಕೊಂಡರೆ ಈಗಲೂ ನಗು ಬರುತ್ತದೆ. ಪೀಠಿಕೆ ಹಾಕುವ ಕೌಶಲ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಎಂದು ಪಾಠವನ್ನು ತುಂಡು ತುಂಡು ಮಾಡಿ, ಒಂದೊಂದನ್ನೂ ಐದಾರು ನಿಮಿಷ ಮಾಡಿ ತೋರಿಸಬೇಕು. ಎದುರಿಗೆ ಮಕ್ಕಳ ಪಾತ್ರದಲ್ಲಿ ಸಹಪಾಠಿಗಳು. ಮದುವೆಯಾಗಿ ಮಗುವಿರುವ ಗೆಳತಿ ಕೈಯೆತ್ತಿ "ಮಿಸ್, ನಮ್ಮ ರಾಜ್ಯದ ರಾಜಧಾನಿ ಬೆಂಗಳೂರು" ಎನ್ನುವಳು, ನಾನು ಗಂಭೀರವಾಗಿ "ಜಾಣೆ" ಎನ್ನಬೇಕು. ಅದು ಪುನರ್ಬಲನ ಕೌಶಲ. ತಮಾಷೆ ಮಾಡುತ್ತೇನೆಯೇ ಹೊರತು ಕಪ್ಪುಹಲಗೆಯ ಮೇಲೆ ಗೆರೆ ಡೊಂಕಾಗದಂತೆ ಬರೆಯುವುದನ್ನು ಅಲ್ಲಿಯೇ ಕಲಿತೆ. ಓದಲು ಬಾರದ ಆರನೇ ತರಗತಿಯ ಮಗುವಿನ ಪಕ್ಕ ಕುಳಿತು ಏನು ಮಾಡಬೇಕು ಎಂಬುದು ಮಾತ್ರ ಯಾವ ಕೌಶಲದ ಪಟ್ಟಿಯಲ್ಲೂ ಇರಲಿಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಟಿಇಟಿ ಎಂದರೆ 150 ಅಂಕಕ್ಕೆ ಸಾಮಾನ್ಯ ವರ್ಗದವರು 90 ತೆಗೆಯಬೇಕಾದ ಅರ್ಹತಾ ಪರೀಕ್ಷೆ. ಪಾಸಾದರೆ ಕೆಲಸ ಸಿಗುವುದಿಲ್ಲ, ಕೆಲಸಕ್ಕೆ ಅರ್ಜಿ ಹಾಕುವ ಯೋಗ್ಯತೆ ಸಿಗುತ್ತದೆ. ಅದಾದ ಮೇಲೆ ಅತಿಥಿ ಶಿಕ್ಷಕಿ. "ಅತಿಥಿ" ಎಂಬ ಮರ್ಯಾದೆ ಹೆಸರಿನಲ್ಲಷ್ಟೇ ಇತ್ತು ಎಂದು ಆ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಕೋವಿಡ್ ವರ್ಷದಲ್ಲಿ ಆ ಕೆಲಸವೂ ನಿಂತು ಮನೆಯಲ್ಲಿದ್ದಾಗ ವಿದ್ಯಾಗಮ ಬಂತು. 2020ರ ಆಗಸ್ಟ್‌ನಲ್ಲಿ ಶುರುವಾಗಿ, ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತುಹೋದ ಆ ಕಾರ್ಯಕ್ರಮದಲ್ಲಿ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಯಿತು. ಗುಡಿಯ ಅಂಗಳ, ಬೇವಿನ ಮರದ ನೆರಳು, ಸಮುದಾಯ ಭವನದ ಜಗುಲಿ. ನಾನು ಪರಿಚಯದ ಶಿಕ್ಷಕರೊಬ್ಬರ ಜೊತೆ ಸುಮ್ಮನೆ ಹೋಗುತ್ತಿದ್ದೆ. ಯುವಕ ಸಂಘದ ಸಭೆ ನಡೆಸಿದ ಜಾಗಗಳಲ್ಲೇ ಪಾಠ. ಮಕ್ಕಳು ಮನೆಯ ಹತ್ತಿರವೇ ಇದ್ದುದರಿಂದ ಎದ್ದು ಹೋಗುವ ಸ್ವಾತಂತ್ರ್ಯ ಇತ್ತು. ಬೇಸರವಾದರೆ ಎದ್ದು ಹೋಗುತ್ತಲೂ ಇದ್ದರು. ನನಗೆ ಅದು ಪರಿಚಿತ ಲೋಕ.

2022ರ ಮೇ ತಿಂಗಳಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಬರೆದೆ. ಮದುವೆಯಾದ ಅಭ್ಯರ್ಥಿಗಳು ತಂದೆಯ ಆದಾಯದ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಎಂಬ ತಕರಾರಿನ ಮೇಲೆ ಆಯ್ಕೆ ಪಟ್ಟಿ ಹೈಕೋರ್ಟ್ ಮೆಟ್ಟಿಲೇರಿತು. ಕೈಯಲ್ಲಿ ಅಂಕ ಇಟ್ಟುಕೊಂಡು ಪತ್ರಿಕೆಯ ಮೂಲೆಯಲ್ಲಿ ಕೋರ್ಟ್ ಸುದ್ದಿ ಹುಡುಕುವುದೇ ಆ ಕಾಲದ ದಿನಚರಿಯಾಯಿತು. ನಾನು ಮೊಳಕಾಲ್ಮುರು ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಬಂದದ್ದು ಇದೆಲ್ಲ ಇತ್ಯರ್ಥವಾದ ಮೇಲೆ.

ಇಲ್ಲಿಗೆ ಬಂದ ಮೇಲೆ ಮೊದಲು ಎದ್ದು ಕಂಡದ್ದು ಆ ಒಕ್ಕೊರಲಿನ ಉತ್ತರ. "ಅರ್ಥವಾಯಿತೇ?" ಎಂದರೆ ಇಡೀ ತರಗತಿ "ಆಯಿತು ಮಿಸ್" ಎನ್ನುತ್ತದೆ. ಸಂಘದ ಹುಡುಗರಿಗೆ ಮಾತು ರುಚಿಸದಿದ್ದರೆ ಫೋನ್ ಬಂತು ಎಂದು ಎದ್ದು ಹೋಗುತ್ತಿದ್ದರು, ನನ್ನ ಮಾತು ಎಲ್ಲಿ ಸಪ್ಪೆಯಾಯಿತು ಎಂದು ಆ ಕ್ಷಣವೇ ತಿಳಿಯುತ್ತಿತ್ತು. ಶಾಲೆಯ ಮಕ್ಕಳಿಗೆ ಎದ್ದು ಹೋಗುವ ದಾರಿಯಿಲ್ಲ. ಅವರು ಕುಳಿತಲ್ಲೇ ಮನಸ್ಸಿನಲ್ಲಿ ಎದ್ದು ಹೋಗಿಬಿಡುತ್ತಾರೆ. ಕಣ್ಣು ಹಲಗೆಯ ಮೇಲಿರುತ್ತದೆ, ಕೈ ಬರೆಯುತ್ತಿರುತ್ತದೆ. ಇದನ್ನು ಗುರುತಿಸಲು ಸಮಯ ಹಿಡಿಯುತ್ತದೆ.

ಬೆಳಗ್ಗೆ ಮಕ್ಕಳಿಗೆ ಶಿಬಿರದ ಹಾಡು, ವೃತ್ತದ ಆಟ ಆಡಿಸಿದರೆ ತರಗತಿ ಅರಳುತ್ತದೆ, ನಿಜ. ಆದರೆ "ಆಟದ ಮೂಲಕ ಕಲಿಕೆ" ಎಂಬುದನ್ನು ಕಾರ್ಯಾಗಾರಗಳಲ್ಲಿ ಹೇಳುವಷ್ಟು ನಾನು ನಂಬುವುದಿಲ್ಲ. ಶಿಬಿರಕ್ಕೆ ಒಂದು ಕೊನೆಯ ದಿನ ಇರುತ್ತದೆ. ಎಲ್ಲರೂ ಕಣ್ಣೀರು ಹಾಕಿ ನಂಬರ್ ಬದಲಾಯಿಸಿಕೊಂಡು ಹೋಗುತ್ತಾರೆ, ಕಲಿತದ್ದೇನು ಎಂದು ಮರುದಿನ ಯಾರೂ ಕೇಳುವುದಿಲ್ಲ. ತರಗತಿಗೆ ಮರುದಿನ ಇದೆ, ಅದರ ಮರುದಿನವೂ ಇದೆ. ಆಟ ಮುಗಿದ ಮೇಲೆ ಅದೇ ಒತ್ತಕ್ಷರವನ್ನು ಮತ್ತೆ ಬರೆಸಬೇಕು, ಬೇಸರವಾದರೂ ಬರೆಸಬೇಕು. ಯುವಜನರ ಕೆಲಸದಿಂದ ಬಂದವರು ಶಿಕ್ಷಕರನ್ನು ಕಂಡು ಒಳಗೊಳಗೇ ನಗುವುದುಂಟು, ಇವರಿಗೆ ಹೊಸತೇನೂ ಹೊಳೆಯುವುದಿಲ್ಲ ಎಂದು. ಸೋಮವಾರದಿಂದ ಶನಿವಾರದವರೆಗೆ ಒಂದೇ ಕೆಲಸವನ್ನು ಕಾಳಜಿ ಕಳೆದುಕೊಳ್ಳದೆ ಮಾಡುವುದಕ್ಕೆ ಎಷ್ಟು ಕಸುವು ಬೇಕು ಎಂದು ಪಕ್ಕದ ಕೊಠಡಿಯ ನಲಿ-ಕಲಿ ಶಿಕ್ಷಕಿಯನ್ನು ನೋಡಿದವರಿಗೆ ಗೊತ್ತು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ, ಗೋಡೆಯ ಮೇಲೆ ಕಲಿಕಾ ಏಣಿ, ಪ್ರತಿ ಮಗುವೂ ಒಂದೊಂದು ಮೆಟ್ಟಿಲಿನಲ್ಲಿ. ಯಾರು ಎಲ್ಲಿದ್ದಾರೆ ಎಂದು ಆಕೆ ಕಾರ್ಡ್ ನೋಡದೆ ಹೇಳುತ್ತಾರೆ.

ಆರನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಮನೆಮಾತು ತೆಲುಗು, ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮ ತಾಲ್ಲೂಕಿನಲ್ಲಿ ಅದು ಹೊಸತಲ್ಲ. ಅವನ ನೋಟ್ಸ್ ಪುಸ್ತಕ ಇಡೀ ತರಗತಿಗೇ ಅಂದವಾದದ್ದು. ಹಲಗೆಯ ಮೇಲಿದ್ದದ್ದು ಒಂದು ಚುಕ್ಕೆ ತಪ್ಪದೆ ಅದರಲ್ಲಿ ಇಳಿದಿರುತ್ತದೆ. ಅವನೇ ಬರೆದದ್ದನ್ನು ಓದು ಎಂದರೆ ಓದಲಾರ. ಚಿತ್ರ ನೋಡಿ, ಪಕ್ಕದವನ ತುಟಿ ನೋಡಿ, ಕೇಳಿದ ನೆನಪಿನಿಂದ ವಾಕ್ಯ ಪೂರೈಸುತ್ತಾನೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ನಮ್ಮ ಜಿಲ್ಲೆ ಬೆಂಗಳೂರು ವಿಭಾಗದ ಪಾಠದಲ್ಲಿ ಬರುತ್ತದೆ. ಅಲ್ಲಿ "ಚಿತ್ರದುರ್ಗ" ಎಂಬಲ್ಲಿ ಬೆರಳಿಟ್ಟೆ. ಚಿ ಎಂದ. ತ್ರದ ಹತ್ತಿರ ತಡೆದು, ತ ಎಂದ. ದು ಬಂತು. ಕೊನೆಗೆ "ಗರ" ಎಂದು ನನ್ನ ಮುಖ ನೋಡಿದ. ಅರ್ಕಾವೊತ್ತು ಮಕ್ಕಳನ್ನು ಹೀಗೆ ದಾರಿ ತಪ್ಪಿಸುತ್ತದೆ: ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಕಣ್ಣು ಹೋದ ಹಾಗೆ ನಾಲಿಗೆಯನ್ನು ಬಿಟ್ಟರೆ ದುರ್ಗ ದುಗರವಾಗುವುದು ಸಹಜ. ಹುಟ್ಟಿ ಬೆಳೆದ ಜಿಲ್ಲೆಯ ಹೆಸರಿನಲ್ಲೇ ಎರಡು ಮುಳ್ಳು. ತಾಲ್ಲೂಕಿನ ಹೆಸರಿನಲ್ಲಿ ಇನ್ನೊಂದು, ಹತ್ತಿರದ ಬ್ರಹ್ಮಗಿರಿ ಬೆಟ್ಟದ ಹೆಸರಿನಲ್ಲಿ ಮತ್ತೆರಡು.

ಹಳೆಯ ಕೆಲಸದಿಂದ ಒಂದು ಉಪಾಯ ಎರವಲು ತಂದೆ. ರಟ್ಟಿನ ಮೇಲೆ ಬಸ್ಸಿನ ಬೋರ್ಡ್‌ಗಳನ್ನು ಬರೆದು ಊಟದ ನಂತರ ಬಸ್ ನಿಲ್ದಾಣದ ಆಟ. ಚಳ್ಳಕೆರೆ, ಬಳ್ಳಾರಿ, ರಾಯದುರ್ಗ, ಹಿರಿಯೂರು. ಕಂಡಕ್ಟರ್ ಕೂಗುವಂತಿಲ್ಲ, ಓದಿಯೇ ಹತ್ತಬೇಕು. ಬಳ್ಳಾರಿಗೆ ಹೋಗಬೇಕಾದವರು ಬೇರೆ ಬಸ್ಸು ಹತ್ತಿ ಎಲ್ಲರೂ ನಗುತ್ತಾರೆ. ಆದರೆ ಯಾರೊಬ್ಬರ ಮೇಲೆ ನಗುವುದಲ್ಲ, ಏಕೆಂದರೆ ಎಲ್ಲರೂ ಒಂದಲ್ಲ ಒಂದು ದಿನ ಬೇರೆ ಬಸ್ಸು ಹತ್ತಿರುತ್ತಾರೆ. ಆಟದ ನಂತರ ಬರವಣಿಗೆ. ಅಲ್ಲಿಗೆ ಅರ್ಧ ಮುಖಗಳು ಬಾಡುತ್ತವೆ. ಬಾಡಲಿ.

ಆ ಆರನೇ ತರಗತಿಯ ಹುಡುಗನಿಗೆ ನಿಜವಾಗಿ ಕುದುರಿದ್ದು ಬೇರೆ ಕಡೆ, ಅಶೋಕ ಸಿದ್ದಾಪುರದ ಹತ್ತಿರದ ಬ್ರಹ್ಮಗಿರಿಯಲ್ಲಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ಸುವರ್ಣಗಿರಿ ಎಂಬಲ್ಲಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಹೊರಟ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು. ಶಿಷ್ಯನನ್ನು ಆಚಾರ್ಯ ಹೇಗೆ ನಡೆಸಿಕೊಳ್ಳಬೇಕು ಎಂದೂ ಒಂದು ಸಾಲು ಕೊರೆಸಿದ್ದರೆ ಎಂದು ನನಗೆ ಅನ್ನಿಸಿತು, ಮಕ್ಕಳ ಮುಂದೆ ಹೇಳಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಬಂಡೆಯ ಮುಂದೆ ನಿಂತು ಆ ಹುಡುಗ "ಓದಿ ಮಿಸ್" ಎಂದ. ನನಗೆ ಓದಲು ಬರುವುದಿಲ್ಲ ಎಂದೆ. ಹೆಡ್‌ಮಾಸ್ಟರ್ ಕಡೆ ತಿರುಗಿದ. ಅವರಿಗೂ ಬಾರದು. ತರಗತಿಯ ಮೊದಲ ರ‍್ಯಾಂಕಿನ ಹುಡುಗಿಗೂ ಬಾರದು. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಶಾಸನದ ಲಿಪಿಯಾದ ಬ್ರಾಹ್ಮಿಯ ಕೆಲವು ಅಕ್ಷರಗಳು ನನಗೆ ಗೊತ್ತಿದ್ದವು. ಕೂಡಿಸುವ ಚಿಹ್ನೆಯಂತಿರುವುದು ಕ, ನೆಟ್ಟಗೆ ನಿಂತ ಗೆರೆ ರ, ಗುಡಿಸಲಿನ ಮಾಡಿನಂತೆ ಎರಡು ಗೆರೆ ಕೂಡಿದರೆ ಗ. ಅಲ್ಲಿಯೇ ಮಣ್ಣಿನ ಮೇಲೆ ಕಡ್ಡಿಯಿಂದ ಬರೆಯಲು ಕುಳಿತರು. ಎಲ್ಲರೂ ಆ ಕ್ಷಣ ಒಂದನೇ ತರಗತಿ, ಹಿಂದುಳಿದವರು ಯಾರೂ ಇರಲಿಲ್ಲ. ಎರಡು ವ್ಯಂಜನ ಕೂಡಿದರೆ ಒಂದರ ಕೆಳಗೊಂದನ್ನು ಬರೆಯುವುದು ಆ ಲಿಪಿಯಲ್ಲೇ ಇದೆ ಎಂದಾಗ ಅವನು ತಲೆಯೆತ್ತಿ, "ಹಾಗಾದರೆ ನಮ್ಮ ಒತ್ತು ಇಲ್ಲಿಂದ ಬಂದದ್ದೇ ಮಿಸ್?" ಎಂದು ಕೇಳಿದ. ಶಾಸನ ಬರೆದ ಲಿಪಿಕಾರ ಚಪಡ ತನ್ನ ಹೆಸರಿನ ಜೊತೆ "ಲಿಪಿಕಾರ" ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ; ದೂರದ ವಾಯವ್ಯ ದೇಶದ ಲಿಪಿ ಅದು. ಈ ಸಂಗತಿ ಮಕ್ಕಳಿಗೆ ಅಶೋಕನಿಗಿಂತ ಹೆಚ್ಚು ಹಿಡಿಸಿತು. ಹಿಂತಿರುಗುವಾಗ ಬಸ್ಸಿನಲ್ಲಿ ತಮ್ಮ ತಮ್ಮ ಹೆಸರನ್ನು ಬಲದಿಂದ ಎಡಕ್ಕೆ ಬರೆಯುವ ಸ್ಪರ್ಧೆ ನಡೆಯಿತು. ಅವನು ಆ ದಿನದಿಂದ ಸರಾಗವಾಗಿ ಓದತೊಡಗಿದ ಎಂದು ಬರೆದರೆ ಸುಳ್ಳಾಗುತ್ತದೆ. ಒತ್ತಕ್ಷರ ಬಂದರೆ ಈಗಲೂ ನಿಲ್ಲುತ್ತಾನೆ. ಆದರೆ ನಿಂತಾಗ ಪಕ್ಕದವನ ತುಟಿ ನೋಡುವುದನ್ನು ಬಿಟ್ಟಿದ್ದಾನೆ. "ಇದು ಯಾವ ಒತ್ತು ಮಿಸ್" ಎಂದು ಜೋರಾಗಿ ಕೇಳುತ್ತಾನೆ.

ಶೇಂಗಾ ಕೀಳುವ ಕಾಲ ಬಂದಾಗ ಅವನ ಹೆಸರಿನ ಮುಂದೆ ಗೈರಿನ ಗುರುತು ಬೀಳತೊಡಗಿತು. ಅವನೊಬ್ಬನದೇ ಅಲ್ಲ. ಕೆಲವರು ಹೊಲಕ್ಕೆ, ಕೆಲವರು ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಲು, ಇನ್ನು ಕೆಲವರು ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಕಟ್ಟಡಗಳ ಕೆಲಸದ ಜಾಗಕ್ಕೆ. ಸತತ 7 ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ಪರಿಗಣಿಸುವ ನಿಯಮ ನಮ್ಮ ರಾಜ್ಯದಲ್ಲಿದೆ. ನಿಯಮ ಒಳ್ಳೆಯದೇ. ನಾನು ಏಳನೆಯ ದಿನಕ್ಕೆ ಕಾಯುವುದಿಲ್ಲ. ಸಂಜೆ ಹಟ್ಟಿಗೆ ಹೋಗಿ ಅಜ್ಜಿಯ ಪಕ್ಕ ಕುಳಿತು ಶೇಂಗಾ ಬಿಡಿಸುತ್ತೇನೆ. ಶಾಲೆಯ ಮಾತು ನಾನಾಗಿ ಎತ್ತುವುದಿಲ್ಲ. ಅಜ್ಜಿ ಬಹಳ ಹೊತ್ತಿನ ಮೇಲೆ "ಇನ್ನೆರಡು ದಿನದ ಕೆಲಸ ಇದೆ ಮೇಡಂ, ಸೋಮವಾರ ಕಳಿಸುತ್ತೇನೆ" ಎಂದರು. ಸೋಮವಾರ ಬರಲಿಲ್ಲ, ಬುಧವಾರ ಬಂದ. ಅವನು ಇಲ್ಲದ ದಿನಗಳ ಪಾಠವನ್ನು ಪಕ್ಕದ ಹುಡುಗಿ ಬಿಡಿ ಹಾಳೆಗಳಲ್ಲಿ ಬರೆದಿಟ್ಟಿದ್ದಳು. ಹಾಗೆ ಬರೆದಿಡಬೇಕು ಎಂಬುದು ಈಗ ನಮ್ಮ ತರಗತಿಯ ಕಟ್ಟಳೆ. ಗೈರಾದವನ ಸಾಲು ಖಾಲಿ ಇದ್ದರೂ ಅವನ ಹೆಸರು ಅಳಿಸಿಲ್ಲವಲ್ಲ.

ಹೊಸ ಶಿಕ್ಷಕರೆಲ್ಲ ಬೈಯುವ ಹಾಗೆ ದಾಖಲೆಗಳನ್ನು ನಾನೂ ಬೈಯುತ್ತೇನೆ. ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ಲೆಕ್ಕ, ಮಕ್ಕಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ನಮೂದು, ನೆಟ್‌ವರ್ಕ್ ಸಿಗದೆ ಶಾಲೆಯ ಮಾಳಿಗೆ ಹತ್ತಿ ನಿಲ್ಲುವುದು. ಹಾಜರಿ ಪುಸ್ತಕವೊಂದನ್ನು ಮಾತ್ರ ಬೈಯುವುದಿಲ್ಲ.

ಈಗಿನ ಸಮಸ್ಯೆ ಬೇರೆ. ಊರಿನ ಯುವಕ ಸಂಘದವರು ಸಂಜೆ ಶಾಲೆಯ ಮೈದಾನದಲ್ಲಿ ವಾಲಿಬಾಲ್ ಆಡಲು ಗೇಟಿನ ಕೀಲಿ ಕೇಳುತ್ತಿದ್ದಾರೆ. ಹೆಡ್‌ಮಾಸ್ಟರ್ ಸಾರ್‌ಗೆ ಇಷ್ಟವಿಲ್ಲ. ಬೆಳಗ್ಗೆ ಗುಟ್ಕಾ ಚೀಟಿ ಗುಡಿಸುವವರು ಯಾರು ಎನ್ನುತ್ತಾರೆ. ಅವರ ಮಾತಿನಲ್ಲೂ ಸುಳ್ಳಿಲ್ಲ, ನಾನೇ ಗುಡಿಸಿದ್ದೇನೆ. ಸಂಘದ ಹುಡುಗರು ನನ್ನನ್ನು "ಅಕ್ಕ" ಎನ್ನಬೇಕೋ "ಮೇಡಂ" ಎನ್ನಬೇಕೋ ತಿಳಿಯದೆ ಎರಡನ್ನೂ ಸೇರಿಸಿ ಮಾತಾಡುತ್ತಾರೆ. ಅವರಲ್ಲಿ ಇಬ್ಬರ ಮಕ್ಕಳು ನಲಿ-ಕಲಿಯಲ್ಲಿದ್ದಾರೆ. ಕೀಲಿ ಕೊಡೋಣ, ಬದಲಿಗೆ ಆಟಕ್ಕೆ ಮುಂಚೆ ಅರ್ಧ ಗಂಟೆ ಗ್ರಂಥಾಲಯದ ಕೊಠಡಿಯಲ್ಲಿ ಮಕ್ಕಳ ಜೊತೆ ಕುಳಿತು ಓದಲಿ, ಓದಲು ಬಾರದವರು ಮಕ್ಕಳಿಂದ ಓದಿಸಿಕೊಂಡು ಕೇಳಲಿ ಎಂದು ಒಂದು ಮಾತು ಹಾಕಿದ್ದೇನೆ. ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆ ಇದೆ. ಕೀಲಿಯ ವಿಷಯ ಬಿಸಿಯೂಟದ ಕೋಣೆಯ ಸೂರಿನ ದುರಸ್ತಿಯ ನಂತರ ಚರ್ಚೆಗೆ ಬರುತ್ತದೆ, ಅಷ್ಟರವರೆಗೆ ಸದಸ್ಯರು ಎದ್ದು ಹೋಗದಿದ್ದರೆ.